ತುಟಿಯ ಮೇಲಿನ ಉಂಗುರ

ನನ್ನ ತಮ್ಮನಿಗೆ ಟ್ರಂಪೆಟ್ ಊದುವ ಸರಿಯಾದ ದಾರಿಯನ್ನು ನಾನು ಹೇಳಿಕೊಡಲಿಲ್ಲ. ನನಗೆ ಆ ದಾರಿ ಗೊತ್ತಿತ್ತು. ಅವನು ಬಾಯಿಬಿಟ್ಟು ಕೇಳಿಯೂ ಇದ್ದ. ಕೇಳಿದವನಿಗೆ ತಪ್ಪು ದಾರಿ ತೋರಿಸಿದೆ. ಅದನ್ನೇ ನಂಬಿ ಊದಿ ಊದಿ ಅವನ ತುಟಿ ಕೆಟ್ಟಿತು. ಕೆಟ್ಟ ತುಟಿಯನ್ನು ಸರಿಮಾಡಿಕೊಳ್ಳುವ ಉಪಾಯವೂ ಆಮೇಲೆ ನನ್ನ ಕೈಗೆ ಬಂತು. ಅದನ್ನೂ ಅವನಿಗೆ ಕೊಡದೆ ನನ್ನೊಳಗೇ ಇಟ್ಟುಕೊಂಡೆ. ಅವನು ತನ್ನ ತುಟಿಯೇ ಸರಿಯಿಲ್ಲ ಎಂದುಕೊಂಡು ಇಷ್ಟು ವರ್ಷ ಬದುಕಿದ. ಹಾಗೆ ಅಂದುಕೊಳ್ಳಲು ಬಿಟ್ಟವನು ನಾನು.

ನಾವು ಲಗ್ಗೆರೆಯವರು. ಅಪ್ಪ ಪೀಣ್ಯದ ಕಾರ್ಖಾನೆಗಳಲ್ಲಿ ಲಾರಿಗೆ ಮಾಲು ತುಂಬುವ ಕೆಲಸ ಮಾಡುತ್ತಿದ್ದರು. ಏಳನೇ ಕ್ಲಾಸಿಗೆ ಓದು ಬಿಟ್ಟು ನಾನು ಲೇತ್ ಮಷೀನುಗಳಿದ್ದ ಒಂದು ಶೆಡ್ಡಿಗೆ ಹೆಲ್ಪರ್ ಆಗಿ ಸೇರಿದೆ. ನಮ್ಮ ಬೀದಿಯ ಕೊನೆಗೆ ಮದುವೆ ಮೆರವಣಿಗೆಗಳಿಗೆ ಹೋಗುವ ಬ್ಯಾಂಡ್ ಸೆಟ್ಟಿನ ಅಂಗಡಿಯಿತ್ತು. ಶಟರ್ ಎತ್ತಿದರೆ ಒಳಗೆ ಒಂದರ ಮೇಲೊಂದು ಡ್ರಮ್ಮು, ಗೋಡೆಯ ಮೊಳೆಗಳಿಗೆ ಜರಿ ಪಟ್ಟಿಯ ಕೆಂಪು ಕೋಟುಗಳು, ಹಲಗೆಯ ಮೇಲೆ ಹಿತ್ತಾಳೆ ವಾದ್ಯಗಳು. ಸೆಟ್ಟಿನ ಯಜಮಾನರನ್ನು ಎಲ್ಲರೂ ಮಾಸ್ಟರ್ ಅಂತಲೇ ಕರೆಯುತ್ತಿದ್ದರು. ಅವರು ಕ್ಲಾರಿನೆಟ್ ನುಡಿಸುತ್ತಿದ್ದರು. ಕೆಲಸ ಮುಗಿದ ಮೇಲೆ ನಾನು ಆ ಅಂಗಡಿಯ ಮುಂದೆ ನಿಲ್ಲುವುದನ್ನು ನೋಡಿ ಒಂದು ದಿನ ಅವರೇ ಕರೆದು, ಕೈಗೆ ಹಳೆಯ ಟ್ರಂಪೆಟ್ ಕೊಟ್ಟರು. ಎರಡು ವರ್ಷ ಕಳೆದು ತಮ್ಮನೂ ನನ್ನ ಹಿಂದೆಯೇ ಬಂದು ಸೇರಿಕೊಂಡ.

ಟ್ರಂಪೆಟ್ಟಿನಲ್ಲಿ ಇರುವುದು ಮೂರೇ ಬಟನ್ನು. ಅದೇ ಬೆರಳು ಅದೇ ಬಟನ್ನಿನ ಮೇಲೆ ಇದ್ದರೂ ಕೆಳಗಿನ ಸ್ವರ ಬರಬಹುದು, ಅದಕ್ಕಿಂತ ಮೇಲಿನದು ಬರಬಹುದು, ಇನ್ನೂ ಮೇಲಿನದೂ ಬರಬಹುದು. ಯಾವುದು ಬರಬೇಕು ಅನ್ನುವುದನ್ನು ನಿಶ್ಚಯಿಸುವುದು ತುಟಿ ಮತ್ತು ಉಸಿರು. ಕೆಳಗಿನ ಸ್ವರಗಳು ಸುಮಾರು ಎಲ್ಲರಿಗೂ ಒಲಿಯುತ್ತವೆ. ಮೇಲಕ್ಕೆ ಹೋಗುತ್ತಾ ಹೋದಂತೆ ಒಬ್ಬೊಬ್ಬರೇ ಕೈಬಿಡುತ್ತಾರೆ. ಡ್ರಮ್ಮು, ಪಟಾಕಿ, ಬಸ್ಸಿನ ಹಾರ್ನು ಎಲ್ಲದರ ನಡುವೆ ರಸ್ತೆಯ ಆ ತುದಿಗೆ ಕೇಳಿಸುವುದು ಆ ಮೇಲಿನ ಸ್ವರ ಮಾತ್ರ. ಅದನ್ನು ಹಿಡಿಯಬಲ್ಲವನಿಗೆ ಮುಂದಿನ ಸಾಲಿನಲ್ಲಿ, ಮಾಸ್ಟರ್ ಪಕ್ಕದಲ್ಲಿ ಜಾಗ. ಮಿಕ್ಕವರು ಡ್ರಮ್ಮಿನವರ ಜೊತೆ ಹಿಂದೆ.

ನಮ್ಮ ಸೆಟ್ಟಿನಲ್ಲಿ ಮೇಲಿನ ಸ್ವರಕ್ಕೆ ಇದ್ದದ್ದು ಒಂದೇ ಪಾಠ: ಒತ್ತು. ಟ್ರಂಪೆಟ್ಟಿನ ತುದಿಯ ಗುಂಡು ಬಾಯಿ, ಅಂದರೆ ಮೌತ್‌ಪೀಸನ್ನು, ತುಟಿಗೆ ಒತ್ತು, ಬರದಿದ್ದರೆ ಇನ್ನೂ ಒತ್ತು. ಹಾಗೆ ಒತ್ತಿದವನ ತುಟಿಯ ಮೇಲೆ ಕೆಂಪಗೆ ಒಂದು ಗುಂಡು ಗುರುತು ಬೀಳುತ್ತದೆ. ಅದಕ್ಕೆ ನಾವು ಉಂಗುರ ಅನ್ನುತ್ತಿದ್ದೆವು. ಮೆರವಣಿಗೆ ಮುಗಿದು ಟೆಂಪೊ ಹತ್ತುವಾಗ ಮಾಸ್ಟರ್ ಊದುವವರ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು.

"ಎಲ್ಲಪ್ಪಾ ಉಂಗುರ? ಏನೋ, ಇವತ್ತು ಊದಿದ್ಯೋ, ಇಲ್ಲಾ ಪೀಪಿ ಹಿಡ್ಕೊಂಡು ವಾಕಿಂಗ್ ಬಂದಿದ್ಯೋ?"

ಉಂಗುರ ಗಾಢವಾಗಿದ್ದರೆ ಬೆನ್ನು ತಟ್ಟುತ್ತಿದ್ದರು. ಇಲ್ಲದವನು ಕಳ್ಳಬೀಳುವವನು ಅಂತಲೇ ಲೆಕ್ಕ. ಅವರು ಕೆಟ್ಟವರಲ್ಲ, ತಮಾಷೆಯ ಮನುಷ್ಯ. ಅವರಿಗೆ ಹೇಳಿಕೊಟ್ಟವರೂ ಹಾಗೆಯೇ ಹೇಳಿಕೊಟ್ಟಿದ್ದರು.

ನನಗೆ ಮೇಲಿನ ಸ್ವರ ಬರುತ್ತಿರಲಿಲ್ಲ. ಬಂದರೂ ಒಂದು ಹಾಡಿಗೆ, ಎರಡು ಹಾಡಿಗೆ. ಆಮೇಲೆ ತುಟಿ ಮರಗಟ್ಟಿ ಗಾಳಿ ಮಾತ್ರ ಹೋಗುತ್ತಿತ್ತು. ಹೀಗಿರುವಾಗ ಒಂದು ಟ್ರಂಪೆಟ್ಟಿನ ಬಟನ್ನು ಸಿಕ್ಕಿಹಾಕಿಕೊಂಡು, ಅದನ್ನು ರಿಪೇರಿ ಮಾಡಿಸಿಕೊಂಡು ಬಾ ಎಂದು ಮಾಸ್ಟರ್ ನನ್ನನ್ನು ವೈಟ್‌ಫೀಲ್ಡಿಗೆ ಕಳಿಸಿದರು. ಅಲ್ಲಿ ದೊಡ್ಡ ಅಪಾರ್ಟ್‌ಮೆಂಟುಗಳ ನಡುವೆ ಉಳಿದುಕೊಂಡಿದ್ದ ಹೆಂಚಿನ ಮನೆಯೊಂದರಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಮುದುಕರಿದ್ದರು. ಹಿಂದೆ ಮಿಲಿಟರಿ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸಿದವರಂತೆ. ವಾದ್ಯಗಳ ರಿಪೇರಿ ಮಾಡುತ್ತಿದ್ದರು. ಬಟನ್ನು ಬಿಡಿಸಿ, ಎಣ್ಣೆ ಹಾಕಿ, "ಊದಿ ನೋಡು" ಅಂದರು. ನಾನು ಮಾಮೂಲಿನಂತೆ ಒತ್ತಿ ಊದಿದೆ.

ಅವರು ಕನ್ನಡಕ ಮೇಲೆ ಸರಿಸಿ ನನ್ನ ಮುಖ ನೋಡಿದರು. "ಏನ್ ಮ್ಯಾನ್, ಅದಕ್ಕೆ ಮುತ್ತು ಕೊಡ್ತಾ ಇದೀಯಾ, ಇಲ್ಲಾ ಕಚ್ತಾ ಇದೀಯಾ?"

ನನಗೆ ನಾಚಿಕೆಯಾಯಿತು. ಹಿಂಗೇ ಕಲಿತದ್ದು ಸಾರ್ ಅಂದೆ. ಅವರು ಟ್ರಂಪೆಟ್ಟಿನ ಎರಡು ಕಡೆ ದಾರ ಕಟ್ಟಿ ಕಿಟಕಿಯ ಮೇಲಿನ ಕೊಕ್ಕೆಗೆ ನೇತುಹಾಕಿದರು. "ಕೈ ಹಿಂದೆ ಕಟ್ಕೋ. ಈಗ ಊದು" ಅಂದರು. ಕೈ ಇಲ್ಲದೆ ಒತ್ತುವುದಾದರೂ ಹೇಗೆ? ತುಟಿ ತಾಗಿಸಿದರೆ ಟ್ರಂಪೆಟ್ ಹಿಂದಕ್ಕೆ ತೂಗುತ್ತಿತ್ತು. ಸ್ವರವೇ ಹೊರಡಲಿಲ್ಲ. ಅವರು ತಾವು ಬಂದು ನಿಂತು, ಕೈ ಬೆನ್ನ ಹಿಂದೆ ಕಟ್ಟಿ, ತೂಗುತ್ತಿದ್ದ ಅದನ್ನೇ ತುಟಿಯಿಂದ ಸುಮ್ಮನೆ ಮುಟ್ಟಿ ಊದಿದರು. ನಾನು ಜೀವ ಬಿಟ್ಟರೂ ಬಾರದ ಸ್ವರ ಅವರ ಹಲ್ಲು ಬಿದ್ದ ಬಾಯಿಂದ ಆರಾಮವಾಗಿ ಬಂತು.

ಆಮೇಲೆ ಎಷ್ಟೋ ಭಾನುವಾರ ನಾನು ಎರಡು ಬಸ್ಸು ಬದಲಿಸಿ ಅವರ ಮನೆಗೆ ಹೋದೆ. ಮೊದಲು ಅವರು ಟ್ರಂಪೆಟ್ ಮುಟ್ಟಲೇ ಬಿಡಲಿಲ್ಲ. ನೆಲದ ಮೇಲೆ ಮಲಗಿಸಿ, ಹೊಟ್ಟೆಯ ಮೇಲೆ ತಮ್ಮ ಸಾಮಾನಿನ ಚೀಲ ಇಟ್ಟು, "ಚೀಲ ಮೇಲೆ ಹೋಗ್ಬೇಕು, ಭುಜ ಅಲ್ಲಾಡಬಾರದು" ಎಂದು ಉಸಿರು ತೆಗೆದುಕೊಳ್ಳಲು ಹೇಳಿದರು. ಅದುವರೆಗೆ ನಾನು ಎದೆ ಉಬ್ಬಿಸಿ, ಭುಜ ಕಿವಿಯ ತನಕ ಎತ್ತಿ ಗಾಳಿ ತುಂಬಿಕೊಳ್ಳುತ್ತಿದ್ದೆ. ಹಾಗೆ ತುಂಬಿದ ಗಾಳಿ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಉಸಿರು ಸೊಂಟದ ಸುತ್ತ ಇಳಿಯಬೇಕು, ಬೆನ್ನಿಗೂ ಅದು ಗೊತ್ತಾಗಬೇಕು ಅನ್ನುವುದು ಅಲ್ಲಿ ಮಲಗಿದಾಗ ತಿಳಿಯಿತು.

ಆಮೇಲೆ ತುಟಿ. 'ಮ' ಅನ್ನುವಾಗ ತುಟಿಗಳು ಹೇಗೆ ಸೇರುತ್ತವೋ ಹಾಗೆ ಸೇರಬೇಕು. ಬಿಗಿ ಇರಬೇಕಾದದ್ದು ಬಾಯಿಯ ಎರಡು ಮೂಲೆಗಳಲ್ಲಿ. ನಡುವಿನ ಜಾಗ ನಡುಗುವಷ್ಟು ಸಡಿಲವಾಗಿರಬೇಕು, ಏಕೆಂದರೆ ಸ್ವರ ಹುಟ್ಟುವುದೇ ಆ ನಡುಕದಿಂದ. ಮೌತ್‌ಪೀಸನ್ನು ಅಲ್ಲಿ ಒತ್ತಿದರೆ ನಡುಕ ಸಾಯುತ್ತದೆ, ರಕ್ತ ಓಡಾಡುವುದಿಲ್ಲ, ತುಟಿ ಮರಗಟ್ಟುತ್ತದೆ. ಕೆಳಗಿನ ಸ್ವರಕ್ಕೆ ಬಾಯಿಯೊಳಗೆ 'ಆ' ಅಂದುಕೊಂಡ ಹಾಗೆ ನಾಲಿಗೆ ಕೆಳಗಿರಬೇಕು. ಮೇಲಕ್ಕೆ ಹೋಗುವಾಗ 'ಈ' ಅಂದುಕೊಳ್ಳಬೇಕು. ಆಗ ನಾಲಿಗೆ ಎದ್ದು ಗಾಳಿಯ ದಾರಿ ಕಿರಿದಾಗುತ್ತದೆ, ಗಾಳಿಗೆ ವೇಗ ಬರುತ್ತದೆ. ಇದು ನನಗೆ ಕೂಡಲೇ ಅರ್ಥವಾಯಿತು. ನಮ್ಮ ಶೆಡ್ಡಿನಲ್ಲಿ ಲೇತಿನ ಕಬ್ಬಿಣದ ಚೂರು ಹಾರಿಸಲು ಏರ್ ಗನ್ ಇತ್ತು. ಕಂಪ್ರೆಸರ್ ಒಂದೇ, ಆದರೆ ಸಣ್ಣ ಬಾಯಿಯ ನಳಿಕೆ ಹಾಕಿದರೆ ಗಾಳಿ ಸೂಜಿಯ ಹಾಗೆ ಹೊರಡುತ್ತಿತ್ತು.

"ಎಷ್ಟು ಹೊತ್ತು ಊದ್ತೀಯೋ ಅಷ್ಟೇ ಹೊತ್ತು ಸುಮ್ನೆ ಕೂತ್ಕೋ" ಅನ್ನುತ್ತಿದ್ದರು ಅವರು. "ತುಟಿ ನಿನ್ನ ಪೀಣ್ಯದ ಮಷೀನ್ ಅಲ್ಲ ಮ್ಯಾನ್. ಅದಕ್ಕೆ ಇನ್ನೊಂದು ಸ್ಪೇರ್ ಸಿಗಲ್ಲ."

ಇಷ್ಟನ್ನೂ ನಾನು ಮನೆಯಲ್ಲಿ ಹೇಳಲಿಲ್ಲ. ತಮ್ಮನಿಗೆ ಓವರ್‌ಟೈಮ್ ಅಂತ ಸುಳ್ಳು ಹೇಳಿ ಭಾನುವಾರ ಹೊರಡುತ್ತಿದ್ದೆ. ಉಳಿದ ದಿನಗಳಲ್ಲಿ ಅಭ್ಯಾಸಕ್ಕೆ ಬಸ್ಸು ಹತ್ತಿ ಊರಾಚೆ ಮಾಕಳಿಯ ಕಡೆ ಹೋಗಿ, ಒಂದು ಗೋಡೌನಿನ ಹಿಂದಿನ ಬಯಲಲ್ಲಿ ನಿಂತು ಊದುತ್ತಿದ್ದೆ. ಮೊದಲು ಯಾಕೆ ಮುಚ್ಚಿಟ್ಟೆ ಅಂದರೆ, ಬಾರದೆ ಹೋದರೆ ನಗುತ್ತಾರೆ ಅನ್ನುವ ಭಯ. ಬಂದ ಮೇಲೂ ಯಾಕೆ ಮುಚ್ಚಿಟ್ಟೆ ಅನ್ನುವುದಕ್ಕೆ ಕಾರಣ ತಮ್ಮ.

ಅವನ ಟ್ರಂಪೆಟ್ಟಿನಲ್ಲಿ ನನ್ನದರಲ್ಲಿ ಇಲ್ಲದ ಏನೋ ಇತ್ತು. ಕೆಳಗಿನ ಸ್ವರಗಳನ್ನೇ ಅವನು ಊದಿದರೂ ಕೇಳುವವರು ತಿರುಗಿ ನೋಡುತ್ತಿದ್ದರು. ಯಾರಾದರೂ ಹಾಡುತ್ತಿದ್ದಾರೇನೋ ಅನ್ನಿಸುವ ನಾದ. ನನ್ನದು ಗಟ್ಟಿ, ಸರಿ, ಅಷ್ಟೇ. ಒಂದು ದಿನ ಅಂಗಡಿಯಲ್ಲಿ ಅವನು ಊದುತ್ತಿದ್ದಾಗ ಮಾಸ್ಟರ್ ಬೀಡಿ ಕೆಳಗಿಟ್ಟು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಇವನ ಕೈಲಿ ಮೇಲಿಂದು ಬಂತು ಅಂದ್ರೆ ನೀನು ಡ್ರಮ್ ಹೊರೋಕೆ ರೆಡಿಯಾಗು ಗುರು" ಎಂದು ನಕ್ಕರು. ಎಲ್ಲರೂ ನಕ್ಕರು. ತಮ್ಮನೂ ನಕ್ಕ, "ಬಿಡಿ ಮಾಸ್ಟರ್, ನಮ್ಮಣ್ಣ ಬೆಂಕಿ" ಅಂದ. ನಾನೂ ನಕ್ಕೆ. ಆ ನಗು ಮುಗಿಯುವ ಮುಂಚೆಯೇ ನನ್ನೊಳಗೆ ಒಂದು ಬಾಗಿಲು ಹಾಕಿಕೊಂಡಿತ್ತು.

ಸ್ವಲ್ಪ ದಿನಕ್ಕೆ ಮೆರವಣಿಗೆಯಲ್ಲಿ ನಾನು ಮೇಲಿನ ಸ್ವರ ಹಿಡಿಯತೊಡಗಿದೆ. ಒಂದು ಹಾಡಿಗಲ್ಲ, ಮೆರವಣಿಗೆ ಪೂರ್ತಿ. ಮಾಸ್ಟರ್ ಮುಂದಿನ ಸಾಲಿಗೆ ತಂದರು. ಆದರೆ ಒಂದು ತೊಂದರೆಯಿತ್ತು. ಒತ್ತದೆ ಊದುವುದರಿಂದ ನನ್ನ ತುಟಿಯ ಮೇಲೆ ಉಂಗುರ ಬೀಳುತ್ತಿರಲಿಲ್ಲ. ಮಾಸ್ಟರ್ ಗಲ್ಲ ಹಿಡಿದು ನೋಡಿದರೆ ಹೇಗೆ ಊದಿದೆ ಎಂದು ಕೇಳುತ್ತಾರೆ, ಹೇಳಬೇಕಾಗುತ್ತದೆ, ಹೇಳಿದರೆ ತಮ್ಮನಿಗೂ ಗೊತ್ತಾಗುತ್ತದೆ. ಅದಕ್ಕೆ ನಾನು ಮಾಡಿದ ಕೆಲಸ ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ. ಮೆರವಣಿಗೆ ಮುಗಿದ ಕೂಡಲೇ ಟೆಂಪೊ ಹಿಂದೆ ಉಚ್ಚೆಗೆ ಹೋಗುವವನ ಹಾಗೆ ಹೋಗಿ, ಮೌತ್‌ಪೀಸ್ ಬಿಚ್ಚಿ, ಅಂಗೈಯಿಂದ ಅದನ್ನು ತುಟಿಗೆ ಬಲವಾಗಿ ಒತ್ತಿ ಹಿಡಿದುಕೊಳ್ಳುತ್ತಿದ್ದೆ. ಉಂಗುರ ಮೂಡಿದ ಮೇಲೆ ಬಂದು ಗಲ್ಲ ಒಡ್ಡುತ್ತಿದ್ದೆ.

"ನೋಡ್ರೋ, ಇದಪ್ಪ ಉಂಗುರ ಅಂದ್ರೆ!" ಎಂದು ಮಾಸ್ಟರ್ ಎಲ್ಲರಿಗೂ ತೋರಿಸುತ್ತಿದ್ದರು. ತಮ್ಮನೂ ಹತ್ತಿರ ಬಂದು ನೋಡುತ್ತಿದ್ದ.

ಅವನು ನನ್ನನ್ನು ಕೇಳಿದ್ದು ನಮ್ಮ ಮನೆಯ ಮಹಡಿಯ ಮೇಲೆ. ಅಮ್ಮ ಒಣಹಾಕಿದ್ದ ಬಟ್ಟೆಗಳ ನಡುವೆ ಇಬ್ಬರೂ ಕುಳಿತಿದ್ದೆವು. ಅವನ ಕೈಯಲ್ಲಿ ಟ್ರಂಪೆಟ್ಟಿತ್ತು.

"ಅಣ್ಣ, ನಿಜ ಹೇಳು, ಅಷ್ಟೊಂದು ಹೊತ್ತು ಮೇಲಿಂದು ಹೆಂಗೆ ಹಿಡೀತೀಯಾ? ನಂಗೆ ಎರಡು ಹಾಡಿಗೇ ತುಟಿ ಸತ್ತೋಗುತ್ತೆ."

ನಾನು ಬಟ್ಟೆಗಳ ಕಡೆ ನೋಡುತ್ತಾ ಹೇಳಿದೆ. "ಏನಿಲ್ಲ ಕಣೋ. ಒತ್ತಬೇಕು. ನೀನು ಹೆದರ್ಕೊಂಡು ಸುಮ್ನೆ ತಾಗಿಸ್ತೀಯಾ ಅಷ್ಟೆ. ಚೆನ್ನಾಗಿ ಒತ್ತು."

"ನೋವಾಗುತ್ತಲ್ಲ?"

"ಆಗುತ್ತೆ. ನಂಗೂ ಆಗುತ್ತೆ. ನೋಡಿಲ್ವಾ ಉಂಗುರ? ತಡ್ಕೋಬೇಕು ಮಗಾ."

ಅವನು ಒಪ್ಪಿಕೊಂಡ. ನಾನು ಹೇಳಿದ್ದನ್ನು ಅವನು ಯಾವಾಗಲೂ ಒಪ್ಪಿಕೊಳ್ಳುತ್ತಿದ್ದ. ಅಲ್ಲೇ ಎದ್ದು ನಿಂತು, ಎಡಗೈಯಿಂದ ಟ್ರಂಪೆಟ್ಟನ್ನು ಮುಖದೊಳಕ್ಕೆ ಎಳೆದುಕೊಂಡು ಊದಿದ. ಕತ್ತಿನ ನರ ಎದ್ದವು. ಸ್ವರ ಬಂತು. "ಬಂತಣ್ಣ!" ಎಂದು ಕುಣಿದಾಡಿದ. ನಾನು ಭುಜ ತಟ್ಟಿದೆ.

ಹೀಗೆ ಒತ್ತಿದರೆ ಸ್ವರ ಬಾರದೇ ಇರುವುದಿಲ್ಲ. ಕೆಲವು ಕಾಲ ಬರುತ್ತದೆ. ತಮ್ಮ ಗಟ್ಟಿ ಜೀವದವನು, ನೋವು ತಡೆದುಕೊಂಡ. ಮದುವೆ ಕಾಲ ಬಂದಾಗ ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಮೆರವಣಿಗೆ. ಅವನಿಗೂ ಮುಂದಿನ ಸಾಲು ಸಿಕ್ಕಿತು. ಮಾಸ್ಟರ್ ನಮ್ಮಿಬ್ಬರನ್ನು ಎಡಕ್ಕೊಬ್ಬ ಬಲಕ್ಕೊಬ್ಬನಾಗಿ ನಿಲ್ಲಿಸಿಕೊಂಡು ಮೀಸೆ ತಿರುವುತ್ತಿದ್ದರು. ತಮ್ಮನ ತುಟಿ ಬೆಳಗಿನ ಕಾಫಿ ಲೋಟ ತಾಗಿದರೆ ಉರಿಯುತ್ತಿತ್ತು. ಅಮ್ಮ ತುಪ್ಪ ಸವರುತ್ತಿದ್ದರು. ನಾನು ನೋಡುತ್ತಿದ್ದೆ. ಇವತ್ತು ಹೇಳೋಣ, ನಾಳೆ ಹೇಳೋಣ ಅಂದುಕೊಳ್ಳುತ್ತಿದ್ದೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಹೇಳಬೇಕು ಅಂತ ನಾನು ಅಂದುಕೊಳ್ಳಲೇ ಇಲ್ಲ.

ಆ ಕಾಲದಲ್ಲೇ ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನಿಂದ ಮದುವೆ ಬಂತು. ಉತ್ತರ ಭಾರತದ ಹುಡುಗ, ಕುದುರೆ ಮೇಲೆ ಕೂತು ಅಪಾರ್ಟ್‌ಮೆಂಟಿನ ಗೇಟಿನಿಂದ ಮದುವೆ ಹಾಲ್ ತನಕ ಮೆರವಣಿಗೆ, ಸುಡುವ ಮಧ್ಯಾಹ್ನ. ಅವರ ಕುಣಿತ ಮುಗಿಯುವುದೇ ಇಲ್ಲ. ನಾಲ್ಕು ಹೆಜ್ಜೆ ಮುಂದೆ ಹೋದರೆ ಅಲ್ಲೇ ನಿಂತು ಮತ್ತೆ ಕುಣಿತ. ಟೆಂಪೊದಿಂದ ಇಳಿಯುವಾಗಲೇ ತಮ್ಮ ನನ್ನ ಕೋಟಿನ ತೋಳು ಹಿಡಿದ.

"ಅಣ್ಣ, ಇವತ್ತು ಮೇಲಿಂದೆಲ್ಲಾ ನೀನೇ ನೋಡ್ಕೊಳೋ. ನನ್ನ ತುಟಿ ಯಾಕೋ ಉಬ್ಬಿದೆ. ನಾನು ಕೆಳಗಿಂದು ಊದ್ತೀನಿ."

ನೋಡಿದೆ. ಮೇಲ್ದುಟಿ ದಪ್ಪಗಾಗಿತ್ತು, ಒಳಗಡೆ ಹಲ್ಲಿನ ಗುರುತು ನೀಲಿಗಟ್ಟಿತ್ತು. ಆಯಿತು ಅಂದಿದ್ದರೆ ನನಗೆ ಏನೂ ನಷ್ಟವಿರಲಿಲ್ಲ. ನನ್ನ ತುಟಿ ಹೊಸದರ ಹಾಗಿತ್ತು. ಆದರೆ ಹಿಂದಿನ ದಿನ ತಾನೇ ಮಾಸ್ಟರ್ ಬ್ಯಾಂಡ್ ಗೊತ್ತುಮಾಡಲು ಬಂದ ಯಾರೋ ಪಾರ್ಟಿಯವರಿಗೆ ತಮ್ಮನನ್ನು ತೋರಿಸಿ, "ನಮ್ಮ ಸೆಟ್ಟಿಗೆ ಈಗ ಇವನೇ" ಅಂದಿದ್ದರು. ಅದು ಇನ್ನೂ ಕಿವಿಯಲ್ಲಿತ್ತು.

"ಮಾಸ್ಟರ್ ಬೈತಾರೆ. ಏನಾಗಲ್ಲ, ಊದು" ಅಂದೆ.

ಅವನು ತಪ್ಪಬೇಕು ಅನ್ನುವುದು ನನ್ನ ಆಸೆಯಾಗಿತ್ತು. ಎಲ್ಲರ ಮುಂದೆ, ಮಾಸ್ಟರ್ ಮುಂದೆ ಒಮ್ಮೆ ಸ್ವರ ಒಡೆಯಲಿ, ಸಾಕು ಅಂದುಕೊಂಡೆ. ತುಟಿ ಹರಿಯಲಿ ಅಂತ ಅಂದುಕೊಂಡಿರಲಿಲ್ಲ. ಈ ವ್ಯತ್ಯಾಸವನ್ನು ಎಷ್ಟೋ ವರ್ಷ ಹಿಡಿದುಕೊಂಡು ನನ್ನನ್ನು ನಾನು ಸಮಾಧಾನ ಮಾಡಿಕೊಂಡಿದ್ದೇನೆ. ಈಗ ಅದರಿಂದ ಸಮಾಧಾನ ಸಿಗುವುದಿಲ್ಲ.

ಮದುವೆ ಹಾಲ್ ಬಾಗಿಲಿಗೆ ಬಂದಾಗ ಹುಡುಗನ ಗೆಳೆಯರು ಸುತ್ತ ಸೇರಿಕೊಂಡು ಕೈ ಮೇಲೆತ್ತಿ, ಇನ್ನೂ ಮೇಲೆ, ಇನ್ನೂ ಮೇಲೆ ಎಂದು ಸನ್ನೆ ಮಾಡಿದರು. ಮಾಸ್ಟರ್ ತಮ್ಮನ ಕಡೆ ಕಣ್ಣು ಹೊಡೆದರು. ಅವನು ಟ್ರಂಪೆಟ್ಟನ್ನು ಮುಖಕ್ಕೆ ಎಳೆದುಕೊಂಡ. ಸ್ವರ ಅರ್ಧ ಏರಿತು. ಆಮೇಲೆ ಬಟ್ಟೆ ಹರಿದ ಹಾಗೆ ಒಂದು ಸದ್ದು ಬಂದು ನಿಂತುಹೋಯಿತು. ಕುಣಿಯುತ್ತಿದ್ದವರು ಕೆಲವರು ಓ ಎಂದು ಕೂಗಿ ನಕ್ಕರು. ತಮ್ಮ ಟ್ರಂಪೆಟ್ ಕೆಳಗಿಳಿಸಿದ. ಮೌತ್‌ಪೀಸಿನಲ್ಲಿ ರಕ್ತವಿತ್ತು, ಗಲ್ಲದ ಮೇಲೂ ಇಳಿಯಿತು.

ನಾನು ಅವನ ಕಡೆ ತಿರುಗಲಿಲ್ಲ. ಅವನು ಬಿಟ್ಟ ಜಾಗದಿಂದಲೇ ಆ ಸ್ವರವನ್ನು ಎತ್ತಿಕೊಂಡೆ. ಉಸಿರು ಸೊಂಟಕ್ಕೆ ಇಳಿದಿತ್ತು, ನಾಲಿಗೆ ತಾನಾಗಿ ಎದ್ದಿತು, ಮೌತ್‌ಪೀಸ್ ತುಟಿಗೆ ತಾಗಿಯೂ ತಾಗದ ಹಾಗಿತ್ತು. ನನ್ನ ಬದುಕಿನಲ್ಲಿ ಅದಕ್ಕಿಂತ ಮುಂಚೆಯಾಗಲಿ ಆಮೇಲಾಗಲಿ ಆ ಸ್ವರ ಅಷ್ಟು ಚೆನ್ನಾಗಿ ಬಂದಿಲ್ಲ. ಜನ ಚಪ್ಪಾಳೆ ತಟ್ಟಿದರು. ಕುದುರೆಯ ಮೇಲಿದ್ದ ಮದುಮಗನೂ ತಟ್ಟಿದ. ಮುಗಿಸಿ ಪಕ್ಕಕ್ಕೆ ನೋಡಿದರೆ ತಮ್ಮ ಕರ್ಚೀಫನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದ. ಅದರ ಮೇಲಿನಿಂದ ಅವನ ಕಣ್ಣು ನಗುತ್ತಿದ್ದವು.

"ಸಕ್ಕತ್ತಾಗ್ ಎತ್ಕೊಂಡೆ ಅಣ್ಣ" ಅಂದ. "ಮರ್ಯಾದೆ ಉಳಿಸ್ಬಿಟ್ಟೆ."

ಆಸ್ಪತ್ರೆಯಲ್ಲಿ ಡಾಕ್ಟರು ತುಟಿಯೊಳಗಿನ ಮಾಂಸಖಂಡ ಹರಿದಿದೆ, ಕೆಲವು ತಿಂಗಳು ಊದುವ ಮಾತೇ ಬೇಡ ಅಂದರು. ಗಾಯ ಮಾಗಿದ ಮೇಲೆ ಅವನು ಮತ್ತೆ ಊದಿದ, ಅದೇ ರೀತಿ ಒತ್ತಿ. ಮೇಲಿನದು ಹಾಗಿರಲಿ, ಕೆಳಗಿನ ಸ್ವರಗಳೂ ನಡುಗಿದವು. ಮಾಸ್ಟರ್ ಅವನ ತುಟಿ ಹಿಡಿದು ನೋಡಿ, ಬೇಸರದಿಂದಲೇ ಹೇಳಿದರು. "ನಿನ್ನ ತುಟಿ ತೆಳು ಕಣಪ್ಪಾ. ನಿಮ್ಮಣ್ಣಂದು ನೋಡು, ಚಪ್ಪಲಿ ತೊಗಲಿದ್ದಂಗಿದೆ. ಇದಕ್ಕೆ ಹುಟ್ಟಿರಬೇಕು."

ನಾನು ಅಲ್ಲೇ ಡ್ರಮ್ಮಿನ ಮೇಲೆ ಕುಳಿತಿದ್ದೆ. ಬಾಯಿ ಬಿಡಲಿಲ್ಲ.

ವೈಟ್‌ಫೀಲ್ಡಿನ ಮುದುಕರ ಹತ್ತಿರ ಮಾತ್ರ ಹೋದೆ. ಹೀಗೊಬ್ಬನಿಗೆ ತುಟಿ ಹರಿದಿದೆ, ಏನು ಮಾಡಬೇಕು ಸಾರ್ ಅಂದೆ. ಅವರಿಗೆ ಸಿಟ್ಟು ಬಂತು. "ಯಾರ್ ಹೇಳಿದ್ದು ಅವನಿಗೆ ಹಂಗೆ ಒತ್ತು ಅಂತ?" ಎಂದು ಕೇಳಿದರು. "ನಮ್ಮ ಮಾಸ್ಟರ್ ಸಾರ್" ಅಂದೆ. ಅವರು ತಲೆ ಅಲ್ಲಾಡಿಸಿ, ಹರಿದ ತುಟಿಯೂ ಕೂಡಿಕೊಳ್ಳುತ್ತದೆ, ಆದರೆ ಮೊದಲಿನಿಂದ ಕಲಿಯಬೇಕು ಅಂದರು. ಕೆಳಗಿನ ಸ್ವರಗಳನ್ನು ಮೆತ್ತಗೆ, ಉದ್ದಕ್ಕೆ, ಉಸಿರಿನಿಂದಲೇ ಊದಬೇಕು; ಮೇಲಿನದರ ಯೋಚನೆಯನ್ನೇ ಒಂದು ವರ್ಷ ಮಾಡಬಾರದು; ಕೈ ಕಟ್ಟಿಕೊಂಡೇ ಶುರುಮಾಡಬೇಕು. "ಕರ್ಕೊಂಡ್ ಬಾ ಮ್ಯಾನ್, ನಾನೇ ಹೇಳ್ಕೊಡ್ತೀನಿ" ಅಂದರು.

ನಾನು ಕರೆದುಕೊಂಡು ಹೋಗಲಿಲ್ಲ. ಕರೆದುಕೊಂಡು ಹೋದರೆ ಎರಡೇ ಮಾತಿನಲ್ಲಿ ಎಲ್ಲವೂ ಹೊರಬರುತ್ತಿತ್ತು. ಆಮೇಲೆ ನಾನೂ ಅವರ ಮನೆಗೆ ಹೋಗುವುದನ್ನು ಬಿಟ್ಟೆ. ಅವರು ತೀರಿಕೊಂಡ ಸುದ್ದಿ ಮಾಸ್ಟರ್ ಬಾಯಿಂದ ಎಷ್ಟೋ ದಿನದ ಮೇಲೆ ತಿಳಿಯಿತು.

ತಮ್ಮ ಬ್ಯಾಂಡ್ ಬಿಟ್ಟು ಪೀಣ್ಯದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಫ್ಯಾಕ್ಟರಿಗೆ ಸೇರಿದ. ಮದುವೆಯಾಯಿತು, ಮಗಳು ಹುಟ್ಟಿದಳು. ಅಮ್ಮ ಹೋದರು. ನೆಂಟರಿಷ್ಟರ ನಡುವೆ ಬ್ಯಾಂಡಿನ ಮಾತು ಬಂದರೆ ಅವನೇ ಮುಂದಾಗಿ, "ದೇವ್ರು ತುಟಿ ಹಂಚೋವಾಗ ನಾನು ಲೇಟಾಗಿ ಹೋದೆ, ಒಳ್ಳೇದೆಲ್ಲ ನಮ್ಮಣ್ಣ ಎತ್ಕೊಂಡ್ಬಿಟ್ಟಿದ್ದ" ಎಂದು ನಗಿಸುತ್ತಿದ್ದ. ಕೇಳಿದಾಗಲೆಲ್ಲ ನಾನು ನೀರು ಕುಡಿಯಲು ಎದ್ದುಹೋಗುತ್ತಿದ್ದೆ. ಅವನ ಮನೆಯಲ್ಲಿ ರೇಡಿಯೋದಲ್ಲಿ ಟ್ರಂಪೆಟ್ ಬಂದರೆ ಅವನು ಕೆಲಸ ನಿಲ್ಲಿಸಿ ನಿಂತುಬಿಡುತ್ತಾನೆ ಎಂದು ಅವನ ಹೆಂಡತಿ ಒಮ್ಮೆ ಹೇಳಿದ್ದಳು. "ಭಾವ, ಒಂದ್ಸಲಾನಾದ್ರೂ ಮನೇಲಿ ಊದಿ ಅಂದ್ರೆ, ನನ್ನದು ಡಿಫೆಕ್ಟ್ ಪೀಸು ಅಂತಾರೆ" ಎಂದಿದ್ದಳು.

ಈ ಸಲದ ಆಯುಧಪೂಜೆಗೆ ಅವನ ಫ್ಯಾಕ್ಟರಿಯವರು ನಮ್ಮ ಸೆಟ್ಟನ್ನೇ ಕರೆಸಿದರು. ಮಷೀನುಗಳಿಗೆಲ್ಲ ಬಾಳೆಕಂದು, ಚೆಂಡುಹೂವು. ಬಾಗಿಲಲ್ಲಿ ಒಡೆದ ಬೂದುಗುಂಬಳದ ಕುಂಕುಮ ಕಾಲಿಗೆ ಹತ್ತುತ್ತಿತ್ತು. ಪುರಿ, ಕಡ್ಲೆ ಹಂಚುತ್ತಿದ್ದರು. ನಾವು ಎರಡು ಹಾಡು ನುಡಿಸಿದ ಮೇಲೆ ಮಾಸ್ಟರ್, ಈಗ ವಯಸ್ಸಾಗಿದೆ ಅವರಿಗೆ, ತಮ್ಮನನ್ನು ನೋಡಿ ಸಂತೋಷದಿಂದ, "ಬಾರೋ, ನಮ್ಮ ಹಳೇ ಹುಲಿ" ಎಂದು ಕೂಗಿ ಹತ್ತಿರವಿದ್ದ ಟ್ರಂಪೆಟ್ಟನ್ನು ಅವನ ಕೈಗೆ ಹಾಕಿದರು. ಅವನ ಜೊತೆ ಕೆಲಸ ಮಾಡುವವರು ಸುತ್ತ ನಿಂತು ಕೂಗಿದರು.

"ಏನ್ ಮಚ್ಚಾ, ನೀನು ಬ್ಯಾಂಡಲ್ಲಿದ್ಯಾ? ಹೇಳೇ ಇಲ್ಲ!"

"ಊದು ಗುರು, ಊದು!"

ಅವನು ಬೇಡ ಬೇಡ ಅನ್ನುತ್ತಲೇ ಟ್ರಂಪೆಟ್ಟನ್ನು ಒರೆಸಿಕೊಂಡ. ಒರೆಸುವಾಗ ಅವನ ಬೆರಳು ಬಟನ್ನುಗಳ ಮೇಲೆ ಹೇಗೆ ಓಡಾಡಿದವು ಎಂದು ನಾನು ನೋಡಿದೆ. ಆಮೇಲೆ ಭುಜ ಕಿವಿಯ ತನಕ ಎತ್ತಿ ಉಸಿರೆಳೆದ, ಎಡಗೈಯಿಂದ ಟ್ರಂಪೆಟ್ಟನ್ನು ಮುಖದೊಳಕ್ಕೆ ಎಳೆದುಕೊಂಡ. ಬೆರಳಿನ ಗೆಣ್ಣುಗಳು ಬೆಳ್ಳಗಾದವು. ಮಹಡಿಯ ಮೇಲೆ ನಾನು ಹೇಳಿದ್ದನ್ನು ಅವನು ಇನ್ನೂ ಚಾಚೂ ತಪ್ಪದೆ ಪಾಲಿಸುತ್ತಿದ್ದ. ಒಂದು ಸ್ವರ ಎದ್ದು, ಸೀಳಿ, ಬಿತ್ತು.

"ಏನ್ ಗುರು, ಬಿಎಂಟಿಸಿ ಹಾರ್ನ್ ಇದ್ದಂಗಿದೆ!" ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು.

ತಮ್ಮನೂ ನಗುತ್ತಾ ಟ್ರಂಪೆಟ್ ಹಿಂದಿರುಗಿಸಿದ. "ಬೇಡ ಅಂದ್ನಲ್ಲ ಮಚ್ಚಾ, ನನ್ನ ತುಟಿ ಸರಿಯಿಲ್ಲ" ಅಂದ. ಅಂದವನು ಪುರಿಯ ಪೊಟ್ಟಣ ತೆಗೆದುಕೊಂಡು, ಯಾರಿಗೂ ಮುಖ ತೋರಿಸದೆ ಸೈಕಲ್ ಸ್ಟ್ಯಾಂಡಿನ ಕಡೆ ನಡೆದ. ನಾನು ಅವನ ಹಿಂದೆ ಹೋದೆ. ಹೋಗಬೇಕು ಎಂದು ತೀರ್ಮಾನ ಮಾಡಿದ ನೆನಪಿಲ್ಲ. ಕೋಟಿನ ಗುಂಡಿ ಬಿಚ್ಚಿಕೊಳ್ಳುತ್ತಾ ಹೋದದ್ದು ನೆನಪಿದೆ.

ಅವನು ಮರದ ಹಲಗೆಗಳ ರಾಶಿಯ ಮೇಲೆ ಕುಳಿತು ತುಟಿಯನ್ನು ಬೆರಳಿನಿಂದ ಮುಟ್ಟಿಕೊಳ್ಳುತ್ತಿದ್ದ.

"ಇನ್ನೂ ನೋಯುತ್ತೇನೋ?" ಅಂದೆ.

"ಇಲ್ಲ ಬಿಡಣ್ಣ. ಅಭ್ಯಾಸ ತಪ್ಪಿದೆ, ಅಷ್ಟೆ. ನೀನ್ಯಾಕ್ ಬಂದೆ, ಪಾರ್ಟಿಯವರು ಏನಂತಾರೆ?"

"ಒತ್ತಬಾರದು ಕಣೋ" ಅಂದೆ.

"ಏನು?"

"ಮೌತ್‌ಪೀಸು. ಅದನ್ನ ಒತ್ತಲೇಬಾರದು. ಮುಂದಿನ ಸಾಲಿಗೆ ಬಂದ್ಮೇಲೆ ನಾನು ಯಾವತ್ತೂ ಒತ್ತಿ ಊದ್ಲಿಲ್ಲ. ವೈಟ್‌ಫೀಲ್ಡಲ್ಲಿ ಒಬ್ಬರು ಹೇಳ್ಕೊಟ್ಟಿದ್ರು. ಓವರ್‌ಟೈಮ್ ಅಂತ ಹೋಗ್ತಿದ್ದೆನಲ್ಲ, ಅವರ ಮನೆಗೆ."

ಅವನು ನನ್ನನ್ನೇ ನೋಡಿದ.

"ಮತ್ತೆ ನಿನ್ ತುಟಿ ಮೇಲೆ ಉಂಗುರ ಇರ್ತಿತ್ತಲ್ಲ?"

"ಅದು ಆಮೇಲೆ ಮಾಡ್ಕೊಳ್ತಿದ್ದೆ. ಟೆಂಪೊ ಹಿಂದೆ ಹೋಗಿ. ಕೈಯಲ್ಲಿ ಒತ್ಕೊಂಡು."

ಅವನಿಗೆ ನಗು ಬಂತು. ನಿಜವಾದ ನಗು, ಅಷ್ಟು ವಿಚಿತ್ರವಾಗಿ ಕೇಳಿಸಿರಬೇಕು ಅದು. ಆಮೇಲೆ ಆ ನಗು ಅರ್ಧಕ್ಕೆ ನಿಂತಿತು. ಕೈಯಲ್ಲಿದ್ದ ಪೊಟ್ಟಣವನ್ನು ಪಕ್ಕಕ್ಕಿಟ್ಟ.

"ಆ ಮದುವೆ ದಿನ" ಅಂದ. "ಕುದುರೆ ಮೆರವಣಿಗೆ. ನಾನು ತುಟಿ ಉಬ್ಬಿದೆ ಅಂದೆ. ಆಗ್ಲೂ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಮತ್ತೆ ಮಾಸ್ಟರ್ ನನ್ನ ತುಟಿ ತೆಳು ಅಂದ್ರಲ್ಲ, ಪಕ್ಕದಲ್ಲೇ ಇದ್ದೆ ನೀನು."

"ಇದ್ದೆ."

"ಯಾಕಣ್ಣ?"

ಈ ಪ್ರಶ್ನೆಗೆ ಎಷ್ಟೋ ಉತ್ತರ ಜೋಡಿಸಿಟ್ಟುಕೊಂಡಿದ್ದೆ. ಬಡತನ, ವಯಸ್ಸು, ಮಾಸ್ಟರ್ ಆಡಿದ ಮಾತು. ಎಲ್ಲವನ್ನೂ ಬಿಟ್ಟೆ.

"ನೀನು ನನಗಿಂತ ಚೆನ್ನಾಗಿ ಊದ್ತಿದ್ದೆ" ಅಂದೆ. "ಅದಕ್ಕೆ."

ಒಳಗೆ ಡ್ರಮ್ಮು ಮತ್ತೆ ಶುರುವಾಯಿತು. ಯಾರೋ ನನ್ನನ್ನು ಕೂಗಿದರು. ತಮ್ಮ ನೆಲ ನೋಡುತ್ತಾ ಕುಳಿತಿದ್ದ. ಅವನ ಮೇಲ್ದುಟಿಯ ಮೇಲೆ, ಆ ಒಂದೇ ಸ್ವರಕ್ಕೆ, ಕೆಂಪು ಗುರುತು ಬಿದ್ದಿತ್ತು. ನಾನು ಅವನ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತೆ. ದೊಡ್ಡವನು ನಾನು, ಹಾಗೆ ಅವನ ಮುಂದೆ ಎಂದೂ ಕುಳಿತವನಲ್ಲ. ಅವನು ಕ್ಷಮಿಸುತ್ತಾನೆಯೇ ಇಲ್ಲವೇ ಎಂದು ಯೋಚಿಸಿದರೆ ಮತ್ತೆ ಹೇಳದೇ ಉಳಿದುಬಿಡುತ್ತೇನೆ ಎಂದು ಹೆದರಿ, ಅವನ ಮುಖ ನೋಡಿಕೊಂಡೇ ಜೋರಾಗಿ ಹೇಳಿದೆ.

"ನಿನ್ನ ತುಟಿ ಯಾವತ್ತೂ ಸರಿಯಾಗೇ ಇತ್ತು ಕಣೋ. ಕೆಡಿಸಿದ್ದು ನಾನು. ಬೇಕು ಅಂತಾನೇ ಸುಳ್ಳು ಹೇಳಿದೆ, ಆಮೇಲೂ ಬೇಕು ಅಂತಾನೇ ಸುಮ್ಮನಿದ್ದೆ. ತಪ್ಪಾಯ್ತು. ನನ್ನಿಂದ ತಪ್ಪಾಯ್ತು ಕಣಪ್ಪಾ."